ಸದ್ದು ಮಾಡದ ಯಂತ್ರವನ್ನು ಆರಿಸಿದವರಿಗೆ

ಗದಗ, ಆರನೆಯ ತಿಂಗಳ ಮೂವತ್ತಾರನೆಯ ದಿನ, 2243

ಮಾನ್ಯ ಪ್ರಹ್ಲಾದ ಮುಳಗುಂದ ಅವರಿಗೆ ನೀಲಗಂಗಾ ಹೊಂಬಳ ಮಾಡುವ ನಮಸ್ಕಾರಗಳು.

ಮೇಲಿನ ತಾರೀಖು ನಿಮ್ಮ ಕಣ್ಣಿಗೆ ತಪ್ಪಾಗಿ ಕಾಣಬಹುದು. ನಮ್ಮಲ್ಲಿ ವರ್ಷಕ್ಕೆ ಹತ್ತೇ ತಿಂಗಳು, ತಿಂಗಳಿಗೆ ಮೂವತ್ತಾರು ದಿನ. ಉಳಿದ ಐದು ದಿನಗಳು ಆರನೆಯ ತಿಂಗಳು ಮುಗಿದ ಮೇಲೆ, ಯಾವ ತಿಂಗಳಿಗೂ ಸೇರದೆ ಬಿಡುವಾಗಿ ಇರುತ್ತವೆ. ಆಗ ಯಾರೂ ಕೆಲಸ ಮಾಡುವುದಿಲ್ಲ. ನನ್ನ ಮಾತುಗಳೂ ಅಲ್ಲಲ್ಲಿ ವಿಚಿತ್ರವಾಗಿ ಕೇಳಿಸಬಹುದು. ನಿಮ್ಮ ಕಾಲದ ಬರಹದ ಕನ್ನಡವನ್ನು ನಾನು ಉಳಿದ ಕೆಲವೇ ಪುಸ್ತಕಗಳಿಂದ ಕಲಿತವಳು. ಎಲ್ಲಿ ತಪ್ಪಿದ್ದರೂ ಹಿರಿಯರಾದ ನೀವು ಹೊಟ್ಟೆಗೆ ಹಾಕಿಕೊಳ್ಳಬೇಕು. ನಿಮ್ಮ ನಿಜವಾದ ವಯಸ್ಸು ನನಗೆ ತಿಳಿಯದು. ನಿಮ್ಮ ಅಕ್ಷರ ನೋಡಿ, ಅರವತ್ತು ದಾಟಿದವರಿರಬೇಕು ಎಂದು ಎಣಿಸಿದ್ದೇನೆ.

ಈ ಓಲೆ ಬರೆಯುವುದಕ್ಕೆ ಕಾರಣವಿದೆ. ನಾನು ಗದಗಿನ ಕೇಳುಮನೆಯಲ್ಲಿ ಕೆಲಸ ಮಾಡುತ್ತೇನೆ. ಊರಿನ ಹಳೆಯ ದನಿಗಳನ್ನು ಹುಡುಕಿ ತಂದು ಕಾಯ್ದಿಡುವ ಮನೆಗೆ ನಾವು ಹಾಗೆ ಅನ್ನುತ್ತೇವೆ. ನಿಂತುಹೋದ ಯಂತ್ರವೊಂದನ್ನು ಮತ್ತೆ ನಡೆಯುವಂತೆ ಮಾಡಿದಾಗ, ಅದನ್ನು ಮೊದಲು ಮನೆಗೆ ತಂದವರಿಗೆ ಒಂದು ಓಲೆ ಬರೆದು ಯಂತ್ರದ ಜೊತೆಗಿಡುವುದು ನಮ್ಮಲ್ಲಿ ನಡೆದು ಬಂದ ಪದ್ಧತಿ. ಓಲೆ ತಲುಪುವುದಿಲ್ಲ ಎಂದು ಎಲ್ಲರಿಗೂ ಗೊತ್ತು. ಹೆಚ್ಚಿನವರು ನಾಲ್ಕು ಸಾಲು ಬರೆದು ಮುಗಿಸುತ್ತಾರೆ. ನನಗೆ ಹಾಗೆ ಮುಗಿಸಲು ಮನಸ್ಸು ಬರಲಿಲ್ಲ.

ನಮ್ಮ ಕಾಲದ ಬಗ್ಗೆ ಒಂದಿಷ್ಟು ಹೇಳದಿದ್ದರೆ ಮುಂದಿನದು ನಿಮಗೆ ತಿಳಿಯುವುದಿಲ್ಲ. ಗದಗ ಇದ್ದಲ್ಲೇ ಇದೆ. ಕಪ್ಪತಗುಡ್ಡದ ಮೇಲೆ ಗಾಳಿಕಂಬಗಳು ಈಗಲೂ ತಿರುಗುತ್ತವೆ. ನೀವು ಕಂಡ ಕಂಬಗಳ ಮೊಮ್ಮಕ್ಕಳು ಎನ್ನಬಹುದು. ಬೆಳಗಿನ ಕೆಲಸ ಮುಗಿಯುತ್ತಲೇ ಊರಿಗೆ ಊರೇ ನೆಲದ ಕೆಳಗಿನ ತಂಪುಗೇರಿಗಳಿಗೆ ಇಳಿಯುತ್ತದೆ. ಮೇಲಿನ ಬಿಸಿಲು ಮೈಗೆ ಆಗದ ಆ ಹೊತ್ತನ್ನು ನೆರಳುವೇಳೆ ಅನ್ನುತ್ತೇವೆ. ಸಂಜೆ ಮತ್ತೆ ಮೇಲೆ ಬಂದು ಅಂಗಡಿ ತೆರೆಯುತ್ತೇವೆ, ಮಕ್ಕಳು ಆಡುತ್ತಾರೆ, ಬಿಸಿಲಿಗೆ ಕಾದ ಹಂಚಿನ ಮೇಲೆ ಜೋಳದ ರೊಟ್ಟಿ ಬೇಯುತ್ತದೆ. ಹುಟ್ಟಿದ ಆರನೇ ತಿಂಗಳಿಗೆ ಪ್ರತಿಯೊಬ್ಬರ ಕಿವಿಯ ಹಿಂದೆ ಜೋಳದ ಕಾಳಿನಷ್ಟು ದೊಡ್ಡ ಮಣಿಯೊಂದನ್ನು ಕೂಡಿಸುತ್ತಾರೆ. ಅದಕ್ಕೆ ಕಿವಿಮಣಿ ಎಂದು ಹೆಸರು; ತೆಗೆಯಲು ಬರುತ್ತದೆ, ಆದರೆ ಯಾರೂ ತೆಗೆಯುವುದಿಲ್ಲ. ಅದು ನಮ್ಮ ನಾಡಿ ನೋಡಿ, ಮನಸ್ಸಿನ ಹದ ನೋಡಿ, ಆಯಾ ಹೊತ್ತಿಗೆ ಬೇಕಾದ ಹಾಡನ್ನು ತಾನೇ ಕಟ್ಟಿ ಕೇಳಿಸುತ್ತದೆ. ಒಬ್ಬರು ಕೇಳಿದ್ದನ್ನು ಇನ್ನೊಬ್ಬರು ಕೇಳುವುದಿಲ್ಲ. ಒಮ್ಮೆ ಕೇಳಿದ್ದು ಮತ್ತೆ ಬರುವುದಿಲ್ಲ. ನೀರಿನಂತೆ ಹರಿದು ಹೋಗುತ್ತದೆ. ನಾವು ಹುಟ್ಟಿದ್ದೇ ಅದರಲ್ಲಿ. ಅದು ಕೊರತೆ ಎಂದು ನಮಗೆ ತಿಳಿದಿರಲಿಲ್ಲ.

ನಿಮ್ಮ ಕಾಲದವರು ತಮ್ಮ ದನಿ, ಚಿತ್ರ, ಪತ್ರಗಳನ್ನೆಲ್ಲ ದೂರದ ದೊಡ್ಡ ಉಗ್ರಾಣಗಳಲ್ಲಿ ಇಟ್ಟಿದ್ದರು ಎಂದು ಓದಿದ್ದೇನೆ. ನಿಮ್ಮ ನಂತರ ಸುಮಾರು ಅರವತ್ತು ವರ್ಷಕ್ಕೆ ಅವು ಹನ್ನೆರಡು ವರ್ಷಗಳಲ್ಲಿ ಒಂದೊಂದಾಗಿ ಬರಿದಾದವು. ಯಾರೋ ಕೆಡವಿದ್ದಲ್ಲ; ಕಾಯುವವರಿಲ್ಲದೆ ಹೋದವು. ಆ ಹನ್ನೆರಡು ವರ್ಷಗಳಿಗೆ ಅಳಿಸುಗಾಲ ಎಂದು ಹೆಸರು. ಅದು ಮುಗಿಯುವ ಹೊತ್ತಿಗೆ ಜನರ ಕೈಯಲ್ಲಿ ಉಳಿದದ್ದು ಕೈಯಲ್ಲಿ ಹಿಡಿಯಬಹುದಾದದ್ದು ಮಾತ್ರ. ಕಾಗದ, ಕಲ್ಲು, ಮತ್ತು ಅಲ್ಲೊಂದು ಇಲ್ಲೊಂದು ಹೊಳೆಯುವ ಬಿಲ್ಲೆ. ನೀವು ಅದನ್ನು ಸಿ.ಡಿ. ಎನ್ನುತ್ತಿದ್ದಿರಿ. ನಾವೂ ಹಾಗೇ ಅನ್ನುತ್ತೇವೆ.

ಹೋದ ವರ್ಷದ ಒಂಬತ್ತನೇ ತಿಂಗಳಲ್ಲಿ ದ್ಯಾಮವ್ವ ಅಸುಂಡಿ ಎಂಬ ಮುದುಕಿ ಕೇಳುಮನೆಗೆ ಬಂದಳು. ಎಂಬತ್ತೆಂಟು ವರ್ಷ, ನೆಟ್ಟಗಿನ ಬೆನ್ನು, ಹತ್ತೊಂಬತ್ತು ಜನರ ಮನೆಯ ಯಜಮಾನಿ. ಸೆರಗಿನಿಂದ ಒಂದು ಬಟ್ಟೆಯ ಗಂಟು ತೆಗೆದು ನನ್ನ ಮುಂದಿಟ್ಟಳು. ಒಳಗೆ ಒಂದು ಸಿ.ಡಿ. ಇತ್ತು, ಅದರ ಅಂಚಿನಲ್ಲಿ 2025 ಎಂದು ಗೀರಿದ್ದು ಕಾಣುತ್ತಿತ್ತು.

"ಇದು ನಮ್ಮ ಅಡಗಿಮನ್ಯಾಗ ಗ್ವಾಡಿಗೆ ತೂಗಹಾಕಿದ್ದು," ಅಂದಳು. "ನಮ್ಮವ್ವ ನನ್ನ ಕೈಯಾಗ ಕೊಟ್ಟಾಳ. ಆಕಿಗೆ ಆಕಿ ಅವ್ವ ಕೊಟ್ಟಿದ್ಳು. ಮದವಿ ಆಗಿ ಹೋಗೂ ಹೆಣ್ಣುಮಕ್ಕಳು ಇದರಾಗ ಮಾರಿ ನೋಡ್ಕೊಂಡ ಹೋಗ್ತಾರ. ಇದರಾಗ ಯಾರದೋ ದನಿ ಐತಿ ಅಂತಾರ. ಯಾರೂ ಕೇಳಿಲ್ಲ. ನಾ ಕೇಳಬೇಕು."

ಬಿಲ್ಲೆಯನ್ನು ನೋಡಿದವಳು ಇಮಾಮಬಿ ನದಾಫ್. ನಮ್ಮಲ್ಲಿ ಯಂತ್ರಗಳ ಕೆಲಸ ಅವಳದು. ಬೆಸುಗೆ ಹಾಕಿ ಹಾಕಿ ಬೆರಳ ತುದಿಗಳು ನುಣುಪಾಗಿರುವ ಅರವತ್ತರ ಹೆಂಗಸು. ಅದು ಕಾರ್ಖಾನೆಯಲ್ಲಿ ಅಚ್ಚೊತ್ತಿದ ಬಿಲ್ಲೆಯಲ್ಲ, ಮನೆಯಲ್ಲಿ ಬರೆದುಕೊಂಡದ್ದು ಎಂದು ಅವಳು ಬಣ್ಣ ನೋಡಿಯೇ ಹೇಳಿದಳು. ಅಂಥ ಬಿಲ್ಲೆಯಲ್ಲಿ ಬರಹ ಉಳಿಯುವುದು ಒಂದು ತೆಳು ಬಣ್ಣದ ಪದರದಲ್ಲಿ. ಆ ಪದರ ಬೆಳಕಿಗೆ ಮಾಸಿ ಮಜ್ಜಿಗೆನೀರಿನಂತಾಗಿತ್ತು. ಅದಕ್ಕಿಂತ ಕೆಟ್ಟದ್ದು ನಡುವಿನ ತೂತಿನ ಅಂಚಿನಲ್ಲಿತ್ತು: ಅಕ್ಕಿಕಾಳಿನುದ್ದದ ಒಂದು ಬಿರುಕು.

ನಮ್ಮ ಕೇಳುಮನೆಯ ಹಿರಿಯರು ಫಕ್ಕೀರೇಶ ಬೆಳಧಡಿ. ಅವರು ಬಿಲ್ಲೆಯನ್ನು ದೀಪಕ್ಕೆ ಹಿಡಿದು ಬಹಳ ಹೊತ್ತು ನೋಡಿದರು. ನಂತರ ನಮ್ಮ ಮೂವರ ನಡುವೆ ಶುರುವಾದ ವಾದ ಸುಮಾರು ನಲವತ್ತು ದಿನ ನಡೆಯಿತು. ಇದನ್ನು ಯಾವ ಯಂತ್ರದಲ್ಲಿ ಓದಿಸುವುದು ಎಂಬುದೇ ಆ ವಾದ.

ಓದಬಲ್ಲ ಯಂತ್ರಗಳು ನಮ್ಮಲ್ಲಿ ಎರಡಿದ್ದವು. ಒಂದು, ಹಳೆಯ ಕಂಪ್ಯೂಟರಿನ ಒಳಗಿನಿಂದ ತೆಗೆದ ಓದುಗೂಡು. ಫಕ್ಕೀರೇಶ ಅವರಿಗೆ ಅದರ ಮೇಲೆಯೇ ನಂಬಿಕೆ. ತಪ್ಪಿ ಹೋದ ಜಾಗಕ್ಕೆ ಅದು ಹತ್ತು ಸಲ, ನೂರು ಸಲ ಮರಳಿ ಹೋಗಿ ಓದುತ್ತದೆ. ಆದರೆ ಬಿರುಗಾಳಿಯ ವೇಗದಲ್ಲಿ ತಿರುಗಿಸುತ್ತದೆ, ಮತ್ತು ಆ ವೇಗವನ್ನು ತಗ್ಗಿಸುವ ವಿದ್ಯೆ ಅಳಿಸುಗಾಲದಲ್ಲೇ ಹೋಯಿತು. ಎರಡನೆಯದು ದೊಡ್ಡ ಪೆಟ್ಟಿಗೆ; ಚಿತ್ರ, ಹಾಡು, ರೇಡಿಯೋ ಎಲ್ಲವನ್ನೂ ಒಂದರಲ್ಲೇ ನಡೆಸುತ್ತಿತ್ತಂತೆ. ಬಿಲ್ಲೆಯನ್ನು ಒಳಗೆಳೆದುಕೊಳ್ಳುವ ಅದರ ಡ್ರಾವರಿನ ರಬ್ಬರ್ ಪಟ್ಟಿ ಕರಗಿ ಜೋನಿಬೆಲ್ಲದಂತಾಗಿತ್ತು. ಹೊಸ ಪಟ್ಟಿ ಹಾಕಿದರೂ ಡ್ರಾವರ್ ನಡುಗುತ್ತಲೇ ಒಳಗೆ ಹೋಗುತ್ತಿತ್ತು.

"ಮರಳಿ ಮರಳಿ ಓದಬೇಕ್ರಿ, ಇಲ್ಲಂದ್ರ ಇಷ್ಟು ಮಾಸಿದ್ದರಾಗ ಏನೂ ಸಿಗಾಂಗಿಲ್ಲ," ಅಂದರು ಫಕ್ಕೀರೇಶ.

"ಬಿರುಕಿಗೆ ನಿಧಾನ ಬೇಕ್ರಿ, ಹಟ ಬ್ಯಾಡ," ಅಂದಳು ಇಮಾಮಬಿ.

ಇಬ್ಬರದೂ ಸರಿ. ನನಗೆ ಯಾರ ಕಡೆ ನಿಲ್ಲಬೇಕೋ ತಿಳಿಯದೆ ದ್ಯಾಮವ್ವನನ್ನು ಕಾಯಿಸುತ್ತಾ ಬಂದೆ. ಆಕೆ ಹತ್ತು ದಿನಕ್ಕೊಮ್ಮೆ ಬಂದು, ಬಾಗಿಲ ಬಳಿಯ ಕಟ್ಟೆಯ ಮೇಲೆ ಕುಳಿತು ಎದ್ದು ಹೋಗುತ್ತಿದ್ದಳು.

ನೀವು ನಮಗೆ ಸಿಕ್ಕಿದ್ದು ಆ ದಿನಗಳಲ್ಲಿ. ಹಳೆಯ ಪೇಟೆಯ ಕೆಳಗೆ ಹೊಸ ತಂಪುಗೇರಿ ತೋಡುವಾಗ ಕೆಲಸದವರಿಗೆ ನೆಲದೊಳಗೆ ಕಾಳು ತುಂಬಿಡುವ ಒಂದು ಹಗೇವು ಸಿಕ್ಕಿತು. ನಿಮ್ಮ ಕಾಲಕ್ಕೇ ಹಗೇವಿನಲ್ಲಿ ಜೋಳ ತುಂಬುವುದು ನಿಂತಿತ್ತೋ ಏನೋ, ಅದರಲ್ಲಿ ಕಾಳಿರಲಿಲ್ಲ. ಬಾಯಿಗೆ ಕಲ್ಲುಚಪ್ಪಡಿ, ಸುತ್ತ ಸುಣ್ಣದ ಮೆತ್ತೆ. ಒಳಗೆ ಎಲುಬಿನ ಹಾಗೆ ಒಣಗಿದ ಗಾಳಿ. ನಡುವೆ ಒಂದು ಉಕ್ಕಿನ ಟ್ರಂಕು, ಟ್ರಂಕಿನಲ್ಲಿ ಒಂದು ರಟ್ಟಿನ ಪೆಟ್ಟಿಗೆ. ಪೆಟ್ಟಿಗೆಯಲ್ಲಿ ನಿಮ್ಮ ಯಂತ್ರ, ಪ್ಲಾಸ್ಟಿಕ್ ಚೀಲದಲ್ಲಿ ಭದ್ರವಾಗಿ ಮುಚ್ಚಿದ ಒಂದು ಬದಲಿ ಲೇಸರ್, ‘ಮುಳಗುಂದ ಚಾಳೀಸಿನ ಅಂಗಡಿ, ಗದಗ’ ಎಂದು ಅಚ್ಚಾದ ಕನ್ನಡಕ ಒರೆಸುವ ಬಟ್ಟೆ, ಮತ್ತು 2025ರ ಕ್ಯಾಲೆಂಡರಿನ ಒಂದು ಹಾಳೆ. ಅಲ್ಲಿ ಯಾರು ಇಟ್ಟರು, ನೀವೋ ನಿಮ್ಮ ಮಕ್ಕಳೋ, ಯಾವ ಭಯಕ್ಕೆ ಇಟ್ಟರು, ನಮಗೆ ತಿಳಿಯಲಿಲ್ಲ.

ಹಾಳೆಯ ಹಿಂಬದಿಯಲ್ಲಿ ನಿಮ್ಮ ಹೆಸರೂ ಬರಹವೂ ಇದ್ದವು. ಮೂರು ಯಂತ್ರಗಳನ್ನು ಒಂದೊಂದು ವಾರ ಮನೆಗೆ ತಂದು ಕೇಳಿದ್ದೀರಿ. ನಿಮ್ಮ ಮಾತುಗಳನ್ನು ಇದ್ದ ಹಾಗೆ ಇಲ್ಲಿ ಬರೆಯುತ್ತೇನೆ, ನೀವು ಮರೆತಿರಬಹುದು.

‘ಒಂದನೇದು. ಎಲ್ಲಾ ಮಾಡ್ತದ. ರೇಡಿಯೋ, ಬ್ಲೂಟೂತು, ಸಿ.ಡಿ. ಒಂದು ಕೆಟ್ಟರ ಎಲ್ಲಾ ಎತ್ತಿಕೊಂಡು ರಿಪೇರಿಗೆ ಹೋಗಬೇಕು. ಎರಡನೇದು. ಬರೇ ಟ್ರಾನ್ಸ್‌ಪೋರ್ಟು. ಸಿ.ಡಿ. ತಿರಗಿಸಿ ಓದೂದಷ್ಟ ಇದರ ಕೆಲಸ. ಡ್ರಾವರ್ ಅದ. ದನಿ ಛಲೋ ಬಂತು. ಡ್ರಾವರ್ ಒಳಗ ಹೋಗುವಾಗ ಸಣ್ಣಗ ನಡಗ್ತದ, ಈಗ ಹಿಂಗಾದ್ರ ಹತ್ತು ವರ್ಷಕ್ಕ ಹೆಂಗ? ಮೂರನೇದು. ಇದೂ ಬರೇ ಟ್ರಾನ್ಸ್‌ಪೋರ್ಟು. ಮ್ಯಾಲಿನ ಮುಚ್ಚಳ ಕೈಲೇ ಎತ್ತಬೇಕು, ಸಿ.ಡಿ. ಕೈಲೇ ಕೂಡಿಸಬೇಕು, ಮ್ಯಾಲೆ ಅಯಸ್ಕಾಂತದ ಬಿಲ್ಲಿ ಇಡಬೇಕು. ಬೆಲ್ಟ್ ಇಲ್ಲ. ತಾ ಸದ್ದು ಮಾಡೂದಿಲ್ಲ, ಅಂಕಿ ಓದಿ ಮುಂದಿನ ಡಬ್ಬಿಗೆ ಕೊಡ್ತದ, ಅಷ್ಟ. ಕಣ್ಣು ಮುಚ್ಚಿ ನಾಕು ಸಲ ಅದಲು ಬದಲು ಮಾಡಿ ಕೇಳಿದೆ. ಎರಡನೇದಕ್ಕೂ ಮೂರನೇದಕ್ಕೂ ದನಿಯೊಳಗ ಫರಕು ಗೊತ್ತಾಗಲಿಲ್ಲ. ಸುಳ್ಳು ಬರೀಬಾರದು. ಆದ್ರ ಮೂರನೇದರಾಗ ಕೆಡಲಿಕ್ಕೆ ಜಾಗ ಕಡಿಮಿ. ಲೇಸರಿನ ಮ್ಯಾಲ ದೊಡ್ಡದ ಮಾಡಿ ತೋರಸೂ ಭಿಂಗ ಹಿಡದು ನೋಡಿದೆ, ಲೆನ್ಸು ಎದುರಿಗೇ ಅದ, ಒರಸಲಿಕ್ಕೆ ಬರ್ತದ. ಸುಮಿತ್ರಾ ಅಂದ್ಲು, ಸದ್ದೇ ಮಾಡೂದಿಲ್ಲಂದ್ರ ಅದನ್ಯಾಕ ತರ್ತೀರಿ? ನಾ ಅಂದೆ, ಕಣ್ಣೂ ಸದ್ದು ಮಾಡೂದಿಲ್ಲ.’

ಇದನ್ನು ನಾನು ಗಟ್ಟಿಯಾಗಿ ಓದಿದೆ. ಇಮಾಮಬಿ ಎರಡು ಸಲ ಓದಿಸಿದಳು. ನಂತರ ಮುಚ್ಚಳ ಎತ್ತಿ, ಒಳಗಿನ ಸಣ್ಣ ಲೆನ್ಸನ್ನೂ ಅದರ ಪಕ್ಕದ, ಬಿಲ್ಲೆ ತಿರುಗಿಸುವ ಅಚ್ಚನ್ನೂ ನೋಡುತ್ತಾ ಕುಳಿತಳು. ಪ್ರಹ್ಲಾದರೇ, ನಮ್ಮ ಕಾಲದಲ್ಲಿ ಒಂದೇ ಕೆಲಸ ಮಾಡುವ ವಸ್ತುವೇ ಇಲ್ಲ. ಗೋಡೆ ಗೋಡೆಯಾಗಿಯೂ ಇರುತ್ತದೆ, ಗಾಳಿಯನ್ನೂ ಸೋಸುತ್ತದೆ, ಮಾತೂ ಆಡುತ್ತದೆ. ಆರಿಸುವುದೆಂಬ ಕೆಲಸವೂ ನಮಗಿಲ್ಲ. ನಮಗೇನು ಬೇಕು ಎಂಬುದನ್ನು ಕಿವಿಮಣಿ ನಮಗಿಂತ ಮೊದಲೇ ಆರಿಸಿರುತ್ತದೆ. ಒಬ್ಬ ಮನುಷ್ಯ ಮೂರು ವಾರ ಕಣ್ಣು ಮುಚ್ಚಿ ಕುಳಿತು, ಫರಕಿಲ್ಲದಲ್ಲಿ ಫರಕಿಲ್ಲ ಎಂದು ಬರೆದು, ಕೊನೆಗೆ ಒಂದು ಬಿಲ್ಲೆಯನ್ನು ಸಮನಾಗಿ ತಿರುಗಿಸುವುದರ ಹೊರತು ಏನನ್ನೂ ಮಾಡದ ಯಂತ್ರವನ್ನು ಮನೆಗೆ ತಂದ ಎಂಬುದು ನನಗೆ ಬೆಟ್ಟ ನೋಡಿದ ಹಾಗೆ ಆಯಿತು.

ಫಕ್ಕೀರೇಶ ಮಾತ್ರ ಒಪ್ಪಲಿಲ್ಲ. "ಇದು ಓದಿದ್ದನ್ನ ಓದಿದಂಗ ಮುಂದ ಕೊಡ್ತೈತಿ. ತಪ್ಪಿದ್ರ ಹೊಳ್ಳಿ ಹೋಗಾಂಗಿಲ್ಲ," ಅಂದರು. "ಒಂದ ಸಲ. ಒಂದ ಅವಕಾಶ."

"ಆ ಬಿಲ್ಲಿಗೂ ಇರೂದು ಒಂದ ಸಲ ತಿರಗೂ ಶಕ್ತಿರೀ," ಅಂದಳು ಇಮಾಮಬಿ.

ಬೇರೊಂದು ಊರಿನ ಕೇಳುಮನೆಯಲ್ಲಿ ಹಿಂದೊಮ್ಮೆ ಬಿರುಕಿನ ಬಿಲ್ಲೆಯೊಂದು ಓದುಗೂಡಿನ ವೇಗಕ್ಕೆ ಸಿಡಿದು ಚೂರಾದದ್ದು ಮೂವರಿಗೂ ಗೊತ್ತಿತ್ತು. ಫಕ್ಕೀರೇಶ ಎದ್ದು ಕಿಟಕಿಯ ತನಕ ಹೋಗಿ ಬಂದರು. ಕೊನೆಗೆ, "ಆ ಮುದುಕಿನ್ನ ಕೇಳೋಣ. ಬಿಲ್ಲಿ ಆಕಿದು," ಅಂದರು.

ದ್ಯಾಮವ್ವನಿಗೆ ನಾನು ಎಲ್ಲವನ್ನೂ ಬಿಡಿಸಿ ಹೇಳಿದೆ. ಯಾವ ಯಂತ್ರ ಏನು ಮಾಡುತ್ತದೆ, ಯಾವುದರಲ್ಲಿ ಯಾವ ಅಪಾಯ ಎಂಬುದನ್ನು ಆಕೆ ತಲೆ ಅಲುಗಿಸದೆ ಕೇಳಿದಳು.

"ನಿಧಾನ ತಿರಗಿದ್ರೂ ಒಡೀಬಹುದೇನು?"

"ಒಡೀಬಹುದವ್ವಾ."

"ಒಳಗ ಏನೂ ಇರಲಿಕ್ಕೂ ಇಲ್ಲ?"

"ಇರಲಿಕ್ಕೂ ಇಲ್ಲ."

ಆಕೆ ಬಿಲ್ಲೆಯನ್ನು ಗಂಟು ಕಟ್ಟಿಕೊಂಡು ಹೊರಟುಹೋದಳು. ಮನೆಯಲ್ಲಿ ದೊಡ್ಡ ಜಗಳವಾಯಿತೆಂದು ಆಮೇಲೆ ತಿಳಿಯಿತು. ಮಗಳು, ಅಳಿಯ, ಮೊಮ್ಮಕ್ಕಳು ಎಲ್ಲರೂ ಬೇಡವೆಂದರಂತೆ. ಮುಂದಿನ ವರ್ಷ ಮರಿಮಗಳ ಮದುವೆಯಿದೆ, ಅವಳು ಯಾವುದರಲ್ಲಿ ಮುಖ ನೋಡಿಕೊಳ್ಳಬೇಕು ಎಂದು ಕೇಳಿದರಂತೆ. ಒಂಬತ್ತನೇ ದಿನ ದ್ಯಾಮವ್ವ ಮರಳಿ ಬಂದಳು. ಜೊತೆಗೆ ಅದೇ ಮರಿಮಗಳು, ಗಿರಿಜಾ.

"ನಾನ ಹೇಳಿದೆ ಕೇಳಸ್ರಿ ಅಂತ," ಅಂದಳು ಆ ಹುಡುಗಿ. "ಮಾರಿ ನೋಡ್ಕೊಳ್ಳಾಕ ಮನ್ಯಾಗ ಹತ್ತು ಕನ್ನಡಿ ಅದಾವು."

ದ್ಯಾಮವ್ವ ನಕ್ಕು ಗಂಟನ್ನು ಇಮಾಮಬಿಯ ಕೈಗೆ ಕೊಟ್ಟಳು.

ಯಂತ್ರ ಸಿದ್ಧವಾಗಲು ಮೂರು ತಿಂಗಳು ಬೇಕಾಯಿತು. ಒಳಗಿನ ಕೆಪಾಸಿಟರುಗಳು ಒಣಗಿ ಸತ್ತಿದ್ದವು; ಇಮಾಮಬಿ ಒಂದೊಂದನ್ನೂ ಕಿತ್ತು, ತಾನೇ ಸುತ್ತಿ ಮಾಡಿದ ಹೊಸದನ್ನು ಕೂಡಿಸಿದಳು. ಹಳೆಯ ಲೇಸರ್ ಕುರುಡಾಗಿತ್ತು. ನೀವು ಮುಂದಾಲೋಚನೆಯಿಂದ ತಂದಿಟ್ಟ ಬದಲಿ ಲೇಸರನ್ನು ಚೀಲ ಒಡೆದು ಹಾಕಿದಾಗ ಅದು ಸಣ್ಣಗೆ ತಲೆಯಾಡಿಸಿ ಬೆಳಕು ಹುಡುಕಿತು. ಅದನ್ನು ನೋಡಿ ಇಮಾಮಬಿ ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡಳು. ಅಚ್ಚಿಗೆ ಎಣ್ಣೆ ಬೇಕಾಗಲಿಲ್ಲ. ಅಂಕಿಗಳನ್ನು ದನಿಯಾಗಿಸುವ ಡಬ್ಬಿ ಮತ್ತು ಸ್ಪೀಕರ್ ಕೇಳುಮನೆಯಲ್ಲೇ ಇದ್ದವು. ಯಂತ್ರದಿಂದ ಬರುವ ಅಂಕಿಗಳು ಒಂದು ಕವಲಿನಲ್ಲಿ ಸ್ಪೀಕರಿಗೂ ಇನ್ನೊಂದು ಕವಲಿನಲ್ಲಿ ನಮ್ಮ ದಾಖಲೆಯ ಹರಳಿಗೂ ಹೋಗುವಂತೆ ಮಾಡಿದೆವು.

ಮೊದಲು ನಮ್ಮಲ್ಲಿದ್ದ ಗಟ್ಟಿ ಬಿಲ್ಲೆಯೊಂದನ್ನು ಹಾಕಿ ನೋಡಿದೆವು. ಯಾರೋ ಮೇಷ್ಟರು ಮಕ್ಕಳಿಗೆ ಮಗ್ಗಿ ಹೇಳಿಕೊಡುವ ಬಿಲ್ಲೆ ಅದು. ಹನ್ನೆರಡರ ಮಗ್ಗಿಯ ನಡುವೆ ಮೇಷ್ಟರು ಒಮ್ಮೆ ಕೆಮ್ಮುತ್ತಾರೆ. ಪರೀಕ್ಷೆಗೆಂದು ಇಮಾಮಬಿ ಮತ್ತೆ ಮೊದಲಿಂದ ಹಾಕಿದಳು. ಹನ್ನೆರಡರ ಮಗ್ಗಿಯ ನಡುವೆ, ಅದೇ ಜಾಗದಲ್ಲಿ, ಅದೇ ಕೆಮ್ಮು. ಸಿಕ್ಕ ದನಿಯನ್ನು ಒಮ್ಮೆ ಕೇಳಿ ಹರಳಿಗಿಳಿಸಿ ಕಾಯ್ದಿಡುವುದು ನಮ್ಮ ರೂಢಿ; ಕೇಳಿದ್ದನ್ನೇ ಮತ್ತೆ ಹಾಕಿ ನಮ್ಮ ಮೂವರಲ್ಲಿ ಯಾರೂ ಕೇಳಿರಲಿಲ್ಲ. ನಾವು ಆ ಕೆಮ್ಮನ್ನು ಎಂಟು ಸಲ ಕೇಳಿದೆವು. ಫಕ್ಕೀರೇಶ ಅವರು, ಅಷ್ಟು ಗಂಭೀರ ಮನುಷ್ಯ, ಎಂಟನೇ ಸಲಕ್ಕೆ ತಾವೂ ಮೇಷ್ಟರ ಜೊತೆ ಕೆಮ್ಮಿದರು. ನಿಮಗೆ ಇದು ಹುಡುಗಾಟ ಅನಿಸಬಹುದು. ಹೋದ ಹೊತ್ತು ಹೋದಂತೆಯೇ ಮರಳಿ ಬರುವುದನ್ನು ನೀವು ದಿನವೂ ಕಂಡವರು. ಅದು ಎಷ್ಟು ದೊಡ್ಡ ಬೆರಗು ಎಂದು ನಿಮಗೆ ಹೇಗೆ ತಿಳಿದೀತು?

ದ್ಯಾಮವ್ವನ ಬಿಲ್ಲೆ ಹಾಕಿದ್ದು ಇದೇ ಆರನೇ ತಿಂಗಳ ಇಪ್ಪತ್ತನೇ ದಿನ, ಬೆಳಿಗ್ಗೆ, ನೆರಳುವೇಳೆಗೆ ಇನ್ನೂ ಎರಡು ಗಂಟೆ ಇರುವಾಗ. ಜಗಳ ಆಡಿದವರೆಲ್ಲ ಬಂದಿದ್ದರು. ಒಳಗೆ ಬರುವ ಮುನ್ನ ಎಲ್ಲರೂ ಕಿವಿಮಣಿ ತೆಗೆದು ಬಾಗಿಲಲ್ಲಿದ್ದ ನೀರಿನ ಬಟ್ಟಲಲ್ಲಿ ಇಡಬೇಕೆಂದು ನಾನು ಕೇಳಿಕೊಂಡಿದ್ದೆ. ಮಣಿಯಿಲ್ಲದ ಕಿವಿ ನಮಗೆ ಬರಿಗಾಲಿನ ಹಾಗೆ. ಜನ ಸದ್ದಾಗದಂತೆ ಹೆಜ್ಜೆಯಿಟ್ಟು ಬಂದು ಕುಳಿತರು. ಇಮಾಮಬಿ ಮುಚ್ಚಳ ಎತ್ತಿ, ಬಿಲ್ಲೆಯನ್ನು ಅಚ್ಚಿನ ಮೇಲೆ ಕೂಡಿಸಿ, ಅಯಸ್ಕಾಂತದ ಬಿಲ್ಲೆ ಇಟ್ಟಳು. ನಂತರ ಮುಚ್ಚಳ ಮುಚ್ಚಿದಳು.

ಬಹಳ ಹೊತ್ತು ಏನೂ ಇಲ್ಲ. ಬಳಿಕ ಸ್ಪೀಕರಿನಿಂದ ಒಂದು ಕೋಣೆ ಬಂತು. ಹಾಗೆಯೇ ಹೇಳಬೇಕು, ಬೇರೆ ಮಾತು ಸಿಗುವುದಿಲ್ಲ. ಏನೋ ಒಂದು ತಲೆಯ ಮೇಲೆ ಗಿರಗಿರ ತಿರುಗುತ್ತಿತ್ತು. ಎಲ್ಲೋ ಹಬೆ ಉಗುಳುವ ಸೀಟಿ ಎರಡು ಸಲ ಕೂಗಿತು. ಒಂದು ಗುಬ್ಬಿ. ಅದು ಗುಬ್ಬಿ ಎಂದು ಫಕ್ಕೀರೇಶ ಆಮೇಲೆ ಪುಸ್ತಕ ನೋಡಿ ಹೇಳಿದರು. ನಾವು ಯಾರೂ ಕೇಳಿದವರಲ್ಲ. ಆಮೇಲೆ ತೀರ ಹತ್ತಿರದಲ್ಲಿ ಒಬ್ಬ ಹೆಂಗಸಿನ ದನಿ, ಸ್ವಲ್ಪ ಒಡೆದದ್ದು.

"ಚಾಲೂ ಆತೇನು?"

ಒಬ್ಬ ಗಂಡಸು ದೂರದಿಂದ, "ಆಗೇತಿ ಅವ್ವಾ. ಮಾತಾಡು," ಅಂದ.

"ಏನ ಮಾತಾಡ್ಲಿ? ನಾಳಿ ಗಂಟಲ ಕೊಯ್ತಾರ. ಆಮ್ಯಾಲ ನನ್ನ ದನಿ ಇರಾಂಗಿಲ್ಲಂತ ಡಾಕ್ಟರು ಹೇಳ್ಯಾರ. ಜೀಂವ ಇರತೈತಿ, ದನಿ ಇರಾಂಗಿಲ್ಲ. ಹಾಡ ಹೇಳು ಅಂತಾನ ನನ್ನ ಮಗ. ನನಗ ಹಾಡ ಬರಾಂಗಿಲ್ಲ. ದಿನಾ ಏನ ಕೂಗ್ತೇನಿ ಅದನ್ನ ಕೂಗ್ತೇನಿ. ನಾಳಿಂದ ಯಾರಿಗರ ನಾ ಕರದಂಗ ಕೇಳಬೇಕನಸಿದ್ರ ಇದನ್ನ ಹಚ್ಚಿ ಕೇಳ್ರಿ."

ಆಮೇಲೆ ಆಕೆ ಕೂಗತೊಡಗಿದಳು. ಮನೆಯವರನ್ನು ಒಬ್ಬೊಬ್ಬರನ್ನಾಗಿ, ದಿನಾ ಹೇಗೆ ಕರೆಯುತ್ತಿದ್ದಳೋ ಹಾಗೆ. ಗಂಡನ ಹೆಸರು ಹಿಡಿಯದೆ, "ಕೇಳಿದ್ರೇನ್ರೀ, ಚಹಾ ಆರಾಕ್ಹತ್ತೇತಿ." ಮಗನಿಗೆ, "ಸಂಗಣ್ಣಾ, ಗಾಡಿ ಒಳಗ ಹಚ್ಚು." ಸೊಸೆಯನ್ನು, ಪಕ್ಕದ ಮನೆಯ ಫಾತಿಮಾಳನ್ನು, ಹಾಲು ಹಾಕುವವನನ್ನು. ಒಂದೊಂದು ಕೂಗಿಗೂ ಬೇರೆ ಬೇರೆ ಏರಿಳಿತ. ಕೆಲವರಿಗೆ ಸಿಟ್ಟು, ಕೆಲವರಿಗೆ ಸಲಿಗೆ. ಗಿರಿಜಾಳ ಕಣ್ಣಿಂದ ನೀರು ಇಳಿಯುತ್ತಿತ್ತು, ಅವಳು ಒರೆಸಿಕೊಳ್ಳಲಿಲ್ಲ.

ಏಳನೇ ನಿಮಿಷಕ್ಕೆ ಯಂತ್ರದೊಳಗಿನಿಂದ ಟಿಕ್ ಟಿಕ್ ಎಂಬ ಸದ್ದು ಶುರುವಾಯಿತು. ಬಿರುಕು ಬಾಯಿ ಬಿಡುತ್ತಿತ್ತು. ಇಮಾಮಬಿಯ ಕೈ ಮುಚ್ಚಳದ ಮೇಲೆ ಹೋಯಿತು. ಅವಳು ದ್ಯಾಮವ್ವನ ಕಡೆ ನೋಡಿದಳು. ಮುದುಕಿ ಕಣ್ಣು ತೆರೆಯಲೇ ಇಲ್ಲ, ಅಂಗೈ ಮಾತ್ರ ಎತ್ತಿದಳು. ಇರಲಿ ಎಂದು. ಇಮಾಮಬಿ ಕೈಯನ್ನು ಮುಚ್ಚಳದ ಮೇಲೆಯೇ ಇಟ್ಟುಕೊಂಡು ನಿಂತಳು. ನಿಮ್ಮ ಯಂತ್ರ ಮಾತ್ರ ಗಾಬರಿಯಾಗಲಿಲ್ಲ, ವೇಗ ಹೆಚ್ಚಿಸಲಿಲ್ಲ. ಸಿಕ್ಕ ಅಂಕಿಗಳನ್ನು ಸಿಕ್ಕ ಹಾಗೆ ಮುಂದಕ್ಕೆ ಕೊಡುತ್ತಾ ಹೋಯಿತು.

ಕೊನೆಯ ಕೂಗು ಬಂದದ್ದು ಆಗ. ಆಕೆ ಎದ್ದು ಬಾಗಿಲ ಕಡೆ ಹೋದಳೆಂದು ಕಾಣುತ್ತದೆ, ದನಿ ದೂರವಾಯಿತು, ಮೇಲಕ್ಕೆ ಏರಿತು. ಅಟ್ಟದ ಮೇಲೋ ಮಾಳಿಗೆಯ ಮೇಲೋ ಆಡುತ್ತಿದ್ದ ಮಗುವನ್ನು ಕರೆಯುವ ದನಿ.

"ದ್ಯಾಮೂ. ಏ ದ್ಯಾಮೂ. ಉಣ್ಣಾಕ ಬಾರವಾ, ರೊಟ್ಟಿ ಆರತೈತಿ. ಎಷ್ಟೊತ್ತಿಂದ ಕರೀಲಿ ನಿನ್ನ?"

ನಮ್ಮ ಕಡೆ ಅಜ್ಜಿಯ ಹೆಸರನ್ನು ಮೊಮ್ಮಗಳಿಗಿಡುವುದು ನಿಮಗೆ ಗೊತ್ತೇ ಇದೆ. ಅದೊಂದು ಪದ್ಧತಿ ಅಳಿಸುಗಾಲವನ್ನೂ ದಾಟಿ ಬಂದಿದೆ. ಒಂದು ತಲೆಮಾರು ಬಿಟ್ಟು ಒಂದು ತಲೆಮಾರಿಗೆ ಆ ಹೆಸರು ಕೆಳಗಿಳಿಯುತ್ತಾ ಈ ಮುದುಕಿಯ ತನಕ ಬಂದಿತ್ತು. ಇನ್ನೂರ ಹದಿನೆಂಟು ವರ್ಷ ಹಿಂದಿನ ಒಬ್ಬ ತಾಯಿ, ನಾಳೆ ದನಿ ಕಳೆದುಕೊಳ್ಳಲಿರುವವಳು, ಊಟಕ್ಕೆ ಕರೆಯುತ್ತಿದ್ದಳು. ಎಂಬತ್ತೆಂಟರ ದ್ಯಾಮವ್ವ ಕುಳಿತಲ್ಲಿಂದ ಎದ್ದಳು. ಸೆರಗು ಸರಿಮಾಡಿಕೊಂಡಳು. ಸಣ್ಣ ಹುಡುಗಿಯ ದನಿಯಲ್ಲಿ,

"ಬಂದ್ನ್ಯವಾ," ಅಂದಳು.

ಸ್ಪೀಕರಿನಲ್ಲಿ ಆ ಗಂಡಸು, "ಸಾಕೇನವ್ವಾ?" ಎಂದು ಕೇಳಿದ. "ಸಾಕು ಬಿಡು," ಅಂದಳು ಆಕೆ. ಒಂದು ಚಟ್ ಸದ್ದು. ಕೋಣೆ ಹೋಯಿತು. ಹನ್ನೊಂದು ನಿಮಿಷ ನಲವತ್ತು ಸೆಕೆಂಡು.

ಇಮಾಮಬಿ ಮುಚ್ಚಳ ತೆರೆದಾಗ, ಅಕ್ಕಿಕಾಳಿನುದ್ದವಿದ್ದ ಬಿರುಕು ಹುಣಸೆಬೀಜದಷ್ಟು ಉದ್ದವಾಗಿತ್ತು. ಆ ಬಿಲ್ಲೆ ಇನ್ನು ಎಂದೂ ತಿರುಗಲಾರದು. ಆದರೆ ಅಂಕಿಗಳು ಹರಳಿನಲ್ಲಿ ಇಳಿದಿದ್ದವು. ಸಾವಿರಕ್ಕೆ ಮೂರೋ ನಾಲ್ಕೋ ಮಾತ್ರ ತಪ್ಪಿದ್ದವು. ಆ ಮನೆಯವರು ಈಗ ದಿನಾ ಸಂಜೆ ರೊಟ್ಟಿ ಬೇಯುವ ಹೊತ್ತಿಗೆ ಆ ಕೊನೆಯ ಕೂಗನ್ನು ಹಚ್ಚುತ್ತಾರಂತೆ. ಎಲ್ಲಿದ್ದರೂ ಜನ ಬಂದು ಪಂಕ್ತಿಗೆ ಕೂರುತ್ತಾರಂತೆ. ಗಿರಿಜಾ ತನಗೂ ಅಂಥದೊಂದು ದಾಖಲೆ ಬೇಕು ಎಂದು ತನ್ನ ಮುತ್ತಜ್ಜಿಯನ್ನು ಕೂಡಿಸಿ ಕೂಗಿಸುತ್ತಿದ್ದಾಳೆ. ಫಕ್ಕೀರೇಶ ಮರುದಿನ ಬಂದು, "ನಾ ಹೇಳಿದ ಯಂತ್ರದಾಗ ಹಾಕಿದ್ರ ಇವತ್ತು ಚೂರು ಆರಸ್ತಿದ್ವಿ," ಎಂದಷ್ಟೇ ಹೇಳಿ ತಮ್ಮ ಕೆಲಸಕ್ಕೆ ಕುಳಿತರು. ಅವರ ಬಾಯಿಂದ ಅದು ಬಹಳ ದೊಡ್ಡ ಮಾತು.

ಪ್ರಹ್ಲಾದರೇ, ಆ ತಾಯಿ ಯಾರೆಂದು ನಿಮಗೆ ಗೊತ್ತಿರಲಿಲ್ಲ. ಗದಗಿನ ಒಂದೇ ಪೇಟೆಯಲ್ಲಿ ನೀವು ಆಕೆಗೆ ಎದುರಾಗಿರಬಹುದು, ಆಕೆಯ ಚಾಳೀಸು ನಿಮ್ಮ ಅಂಗಡಿಯದೇ ಆಗಿರಬಹುದು, ತಿಳಿಯುವ ದಾರಿಯಿಲ್ಲ. ನೀವು ನಿಮ್ಮ ಮನೆಯ ಸುಖಕ್ಕಾಗಿ ಒಂದು ಒಳ್ಳೆಯ ಯಂತ್ರ ಆರಿಸಿದಿರಿ, ಅಷ್ಟೇ. ಅವಸರ ಮಾಡಲಿಲ್ಲ. ಕಿವಿಗೆ ಕೇಳಿಸದ್ದನ್ನು ಕೇಳಿಸಿತು ಅನ್ನಲಿಲ್ಲ. ಇಷ್ಟು ಸಣ್ಣ ಪ್ರಾಮಾಣಿಕತನ ಇಷ್ಟು ದೂರ ನಡೆಯಬಲ್ಲದು ಎಂದು ನನಗೆ ಯಾರೂ ಹೇಳಿರಲಿಲ್ಲ. ಈ ಹದಿನಾರು ದಿನಗಳಲ್ಲಿ ನಾನು ಯಾವ ಕೆಲಸ ಮಾಡುವಾಗಲೂ, ಇದನ್ನು ಇನ್ನೂರು ವರ್ಷದ ನಂತರ ಯಾರಾದರೂ ಕೈಗೆತ್ತಿಕೊಂಡರೆ ಏನೆಂದಾರು ಎಂದು ಒಂದು ಕ್ಷಣ ನಿಲ್ಲುತ್ತೇನೆ. ನಿಂತು, ಮತ್ತೆ ಮಾಡುತ್ತೇನೆ.

ಒಂದೇ ಒಂದು ಕೋರಿಕೆ ಇದೆ. ಆ ಟ್ರಂಕಿನಲ್ಲಿ ಯಂತ್ರವಿತ್ತು, ಲೇಸರ್ ಇತ್ತು, ಒರೆಸುವ ಬಟ್ಟೆ ಇತ್ತು. ಆದರೆ ಒಂದೂ ಸಿ.ಡಿ. ಇರಲಿಲ್ಲ. ಯಂತ್ರವನ್ನು ಮನೆಗೆ ತಂದ ದಿನ ನೀವೂ ಸುಮಿತ್ರಾ ಅವರೂ ಅದರಲ್ಲಿ ಮೊದಲು ಏನು ಹಾಕಿ ಕೇಳಿದಿರಿ? ಇಮಾಮಬಿ ಏನೇನೋ ಊಹಿಸುತ್ತಾಳೆ, ನಾನೂ ಊಹಿಸುತ್ತೇನೆ. ನಿಮ್ಮ ಕೈಗೆ ಈ ಓಲೆ ಹೇಗೋ ಸೇರಿದರೆ, ಅದರ ಹೆಸರನ್ನು ಯಂತ್ರದ ಹಿಂದಿನ ತಗಡಿನ ಒಳಮೈಯಲ್ಲಿ ಬರೆದಿಡಿ. ಪೆನ್ಸಿಲ್ಲಿನಲ್ಲಿ ಬರೆಯಿರಿ, ಶಾಯಿ ನಿಲ್ಲುವುದಿಲ್ಲ. ದುರಸ್ತಿಗೆ ಯಂತ್ರವನ್ನು ಕೆಳಗಿನಿಂದ ತೆರೆದಿದ್ದೆವು; ಆ ತಗಡನ್ನು ನಾವು ಇನ್ನೂ ಬಿಚ್ಚಿಲ್ಲ.

ನಾಳೆಯಿಂದ ಐದು ದಿನ ಬಿಡುವು. ಆರನೇ ದಿನ ಬೆಳಿಗ್ಗೆ ಬಿಚ್ಚುತ್ತೇವೆ.

ಇತಿ,
ನೀಲಗಂಗಾ ಹೊಂಬಳ